ಗಟ್ಟಿ ಬರ್ಫ

ಲಸಿಕೆಯ ಪೆಟ್ಟಿಗೆ ತುಂಬಿದವರು ಯಾರು ಎಂದು ಹರ್ಷದಾ ಸಿಸ್ಟರ್ ಕೇಳಿದಾಗ ಮಹೇಶಕುಮಾರ ಎದೆಯುಬ್ಬಿಸಿಕೊಂಡು ಮುಂದೆ ಬಂದ. ನಾನೇ ಎಂದ. ನಮ್ಮ ಜನಕ್ಕೆಂದೇ ಫ್ರೀಜರಿನಿಂದ ಗಟ್ಟಿ ಬರ್ಫ ಆರಿಸಿ ಹಾಕಿದ್ದೇನೆ ಎಂದು ಮರಾಠಿಯಲ್ಲಿ ಹೇಳಿ ನಕ್ಕ. ಆಮೇಲೆ ಎಲ್ಲ ಮರೆತರೂ ಆ ನಗು ಅವನಿಗೆ ಮರೆಯಲಿಲ್ಲ.

ಪುಣೆಯ ಖರಾಡಿ ದಾಟಿದರೆ ಇಪ್ಪತ್ತೆರಡು ಅಂತಸ್ತಿನ ನಾಲ್ಕು ಕಟ್ಟಡ ಏಳುತ್ತಿದ್ದವು. ಅವುಗಳ ಬೆನ್ನಿಗೆ ತಗಡಿನ ಪತ್ರಾಶೆಡ್‌ಗಳ ಸಾಲು. ಶಹಾಪುರ, ಸುರಪುರ, ಜೇವರ್ಗಿ ಕಡೆಯ ಮಂದಿ ಅಲ್ಲಿದ್ದರು. ಕಟ್ಟುವವರು ಅವರು. ಕಟ್ಟಿ ಮುಗಿದ ದಿನ ಗೇಟಿನ ಹೊರಗೆ ನಿಲ್ಲುವವರೂ ಅವರೇ. ಮಹೇಶ ಇಂಥ ಶೆಡ್‌ಗಳಲ್ಲೇ ಬೆಳೆದವನು. ಒಂದು ಕಟ್ಟಡ ಮುಗಿದರೆ ಇನ್ನೊಂದು, ಒಂದು ಶಾಲೆ ಬಿಟ್ಟರೆ ಇನ್ನೊಂದು. ಏಳನೇ ಇಯತ್ತೆಗೆ ಅದೂ ಮುಗಿಯಿತು. ಆರು ವರ್ಷ ಕಾಂಕ್ರೀಟಿನ ಬುಟ್ಟಿ ಹೊತ್ತ. ಹೋದ ವರ್ಷ ಗುತ್ತಿಗೆಯವನ ಕೈಕಾಲು ಹಿಡಿದು ಈ ಕೆಲಸ ಹಿಡಿದ. ದವಾಖಾನೆಯಿಂದ ಮಕ್ಕಳ ಲಸಿಕೆಯ ಪೆಟ್ಟಿಗೆಯನ್ನು ಸೂಜಿ ಹಾಕುವ ಜಾಗಕ್ಕೆ ಮುಟ್ಟಿಸುವುದು.

ನೀಲಿ ಬಣ್ಣದ ಪೆಟ್ಟಿಗೆ. ನಾಲ್ಕು ಗೋಡೆಗೆ ನಾಲ್ಕು ಐಸ್‌ಪ್ಯಾಕ್. ಐಸ್‌ಪ್ಯಾಕ್ ಅಂದರೆ ಬರೆಯುವ ಪಾಟಿಯಷ್ಟು ಅಗಲದ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಹೆಪ್ಪುಗಟ್ಟಿದ ನೀರು. ನಡುವೆ ಲಸಿಕೆಯ ಬಾಟಲಿಗಳು, ಮೇಲೊಂದು ಸ್ಪಂಜು. ಪೆಟ್ಟಿಗೆ ಬೆನ್ನಿಗೆ ಹಾಕಿಕೊಂಡು ಅವನು ಗಾಡಿ ಹೊಡೆಯುತ್ತಿದ್ದ. ಬೆನ್ನಿಗೆ ಬರ್ಫ, ಎದೆಗೆ ಬಿಸಿಲು. ಪಟ್ಟಿ ಉಜ್ಜಿ ಹೆಗಲ ಚರ್ಮ ಕಪ್ಪಾಗಿ ದಪ್ಪಗಾಗಿತ್ತು. ಆದರೂ ಅದು ಬುಟ್ಟಿಯಲ್ಲ. ಬುಟ್ಟಿ ಹೊತ್ತಾಗ ಯಾರೂ ಅವನ ದಾರಿ ಕಾಯುತ್ತಿರಲಿಲ್ಲ. ಪೆಟ್ಟಿಗೆ ಹೊತ್ತಾಗ ಶೆಡ್ಡಿನ ಹೆಂಗಸರು ಕೂಸು ಎತ್ತಿಕೊಂಡು ಹೊರಗೆ ಬಂದು ನಿಲ್ಲುತ್ತಿದ್ದರು.

ಮೊದಲು ಹೀಗಿರಲಿಲ್ಲ. ಹರ್ಷದಾಗಿಂತ ಮೊದಲಿದ್ದ ಹಳೆಯ ಸಿಸ್ಟರ್ ಬಂದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವಳ ಮರಾಠಿ ಇವರಿಗೆ ತಿಳಿಯದು, ಇವರ ಮಾತು ಅವಳಿಗೆ ತಿಳಿಯದು. ಸೂಜಿ ಹಾಕಿದರೆ ಕೂಸಿಗೆ ಜ್ವರ, ಜ್ವರ ಬಂದರೆ ತಾಯಿಯ ಹಾಜರಿ ಹೋಗುತ್ತದೆ. ಮಹೇಶ ಮನೆಮನೆಗೆ ಹೋಗಿ ಹೇಳಿದ. ಅವನ ಅಕ್ಕ ಅನುಸೂಯಾ ಎಲ್ಲರಿಗಿಂತ ಮೊದಲು ತನ್ನ ಮಗಳು ಚಿನ್ನುವಿನ ತೊಡೆ ಒಡ್ಡಿದಳು. ನಮ್ಮ ತಮ್ಮ ತಂದದ್ದು, ಏನೂ ಆಗಂಗಿಲ್ಲ ಎಂದು ಉಳಿದವರನ್ನೂ ಎಳೆದು ತಂದಳು.

ಏಪ್ರಿಲ್‌ನಲ್ಲಿ ಒಂದು ದಿನ ಬರ್ಫ ಕರಗಿತು. ಅವನ ಹಾದಿಯಲ್ಲಿ ಪತ್ರಾಶೆಡ್ ಕೊನೆಯದು. ಮೊದಲು ದೊಡ್ಡ ದೊಡ್ಡ ಫ್ಲ್ಯಾಟಿನ ಸೊಸೈಟಿಗಳು, ಆಮೇಲೆ ಸಾಲುಮನೆಯ ಚಾಳುಗಳು, ಕಟ್ಟಕಡೆಗೆ ಇವರು. ಹಾದಿ ಬರೆದವರು ಹಾಗೆ ಬರೆದಿದ್ದರು. ಸಿಸ್ಟರ್ ಪೆಟ್ಟಿಗೆ ತೆಗೆದು ನೋಡಿ ಎಲ್ಲರನ್ನೂ ವಾಪಸು ಕಳಿಸಿದಳು. ಅರ್ಧ ದಿನದ ಕೆಲಸ ಬಿಟ್ಟು ನಿಂತ ಹೆಂಗಸರು. ಶೆಡ್ಡಿಗೆಲ್ಲ ಹಿರಿಯಳಾದ ಚಂದಮ್ಮ ಐಸ್‌ಪ್ಯಾಕಿನ ನೀರು ಕುಲುಕಿ ನೋಡಿ ಅವನ ಮುಖಕ್ಕೆ ಹಿಡಿದಳು.

"ಇದರಾಗ ಚಾಪತ್ತಿ ಹಾಕು ಮಹೇಶ್ಯಾ. ಎಲ್ಲಾರೂ ಕುಡದು ಹೋಗತೀವಿ."

ಹೆಂಗಸರು ನಕ್ಕರು. ಅವನಿಗೆ ಅದು ನಾಟಿತು. ಸೊಸೈಟಿಯವರಿಗೆ ಬರ್ಫ, ನಮ್ಮವರಿಗೆ ನೀರು. ಇನ್ನು ಮುಂದೆ ಹೀಗಾಗಬಾರದು ಎಂದು ಹಟ ಹಿಡಿದ.

ಅವತ್ತಿನಿಂದ ಎಲ್ಲರಿಗಿಂತ ಮೊದಲು ದವಾಖಾನೆಗೆ ಹೋದ. ಫ್ರೀಜರಿನ ತಳಕ್ಕೆ ಕೈ ಹಾಕಿ ಕಲ್ಲಿನಂಥ ಐಸ್‌ಪ್ಯಾಕ್ ಆರಿಸಿದ. ಅಂಗೈ ಅಂಟಿ ಚರ್ಮ ಕಿತ್ತುಬಂತು. ತೆಗೆದದ್ದನ್ನು ತೆಗೆದ ಹಾಗೇ ಪೆಟ್ಟಿಗೆಗೆ ಇಳಿಸಿದ. ನಾಲ್ಕು ಸಾಲವೆಂದು ಸ್ಪಂಜು ಕಿತ್ತು ಅದರ ಜಾಗದಲ್ಲಿ ಐದನೆಯದನ್ನು ಬಾಟಲಿಗಳ ಮೇಲೇ ಒತ್ತಿದ. ಬಾಟಲಿಯ ಮೇಲೆ ಒಂದು ಗುರುತು ಇರುತ್ತದೆ, ದುಂಡಗಿನ ಕಪ್ಪು ಬೊಟ್ಟಿನೊಳಗೆ ಬಿಳಿ ಚೌಕ. ಬಿಸಿ ತಾಗಿದರೆ ಚೌಕ ಕಪ್ಪಾಗುತ್ತದೆ. ಅಷ್ಟು ಅವನಿಗೆ ಗೊತ್ತಿತ್ತು. ಶೆಡ್ಡಿಗೆ ಬಂದು ಹೆಂಗಸರಿಗೆ ತೋರಿಸುತ್ತಿದ್ದ. "ನೋಡ್ರಿ, ಹಾಲಿನಂಗ ಅದ."

ಎರಡು ತಿಂಗಳಲ್ಲಿ ಐದು ಸಲ ಹಾಗೆ ತಂದ. ಐದು ಸಲವೂ ಚೌಕ ಬೆಳ್ಳಗಿತ್ತು. ಚಂದಮ್ಮ ಅವನ ತಲೆ ಸವರಿದಳು.

ಆರನೆಯ ಸಲ ಹಳೆಯ ಸಿಸ್ಟರ್ ರಜೆಯ ಮೇಲಿದ್ದಳು. ಹರ್ಷದಾ ಬಂದಿದ್ದಳು. ಅವಳು ಬಾಟಲಿ ಎತ್ತಿ ಅದರ ಮೈಮೇಲಿನ ಹಿಮ ಒರೆಸಿದಳು. ಕುಲುಕಿದಳು. ಮೇಜಿನ ಮೇಲಿಟ್ಟು ಸುಮ್ಮನೆ ನೋಡುತ್ತ ಕುಳಿತಳು. ಹಾಲಿನಂತೆ ಒಂದೇ ಸಮ ಇರಬೇಕಾದ ಮದ್ದು ಒಡೆದು, ಸುಣ್ಣ ತಿಳಿಯಾದಂತೆ ತಳಕ್ಕಿಳಿಯಿತು. ಆಗಲೇ ಅವಳು ಕೇಳಿದ್ದು, ತುಂಬಿದವರು ಯಾರು ಎಂದು. ಆಗಲೇ ಅವನು ನಕ್ಕದ್ದು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು. ಬಿಸಿಗೆ ಮದ್ದು ಸಾಯುತ್ತದೆ, ಅದನ್ನು ಗುರುತು ಹೇಳುತ್ತದೆ. ಕೆಲವು ಮದ್ದು ಅತಿ ತಂಪಿಗೂ ಸಾಯುತ್ತವೆ, ಅದನ್ನು ಗುರುತು ಹೇಳುವುದಿಲ್ಲ. ಬರ್ಫವನ್ನು ಹೊರಗಿಟ್ಟು ಬೆವರಲು ಬಿಡಬೇಕು. ಒಳಗೆ ಸ್ವಲ್ಪ ನೀರಾಗಬೇಕು. ಆಮೇಲೆ ತುಂಬಬೇಕು. ಅವಳು ಒಂದು ಐಸ್‌ಪ್ಯಾಕ್ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದಳು. ನೀರಿನ ಸಪ್ಪಳ ಕೇಳಬೇಕು, ಇಷ್ಟೇ ಎಂದಳು.

ಅವಳ ಕೈ ಕಿವಿಯ ಹತ್ತಿರ ಹೋದದ್ದೇ ತಡ, ಮಹೇಶನಿಗೆ ನೆನಪಾಯಿತು. ಇದನ್ನು ಅವನು ನೋಡಿದ್ದ.

ಜನವರಿಯಲ್ಲಿ ನೋಡಿದ್ದ, ಗಾಜಿನ ಬಾಗಿಲಿನ ಹೊರಗೆ ನಿಂತು. ಖರಾಡಿಯ ದೊಡ್ಡ ಹೋಟೆಲಿನಲ್ಲಿ ತರಬೇತಿ ಇತ್ತು. ಲಸಿಕೆ ಕಟ್ಟಕಡೆಯ ಮಗುವಿಗೂ ಕೆಡದೆ ಮುಟ್ಟುವಂತೆ ಮಾಡುವುದು ಹೇಗೆ ಎಂದು. ಪೆಟ್ಟಿಗೆ ಹೊರುವ ಹನ್ನೆರಡು ಜನರನ್ನು ಕರೆಸಿದ್ದರು, ಪೆಟ್ಟಿಗೆಗಳನ್ನು ಮೇಲೆ ಹೊತ್ತು ತರಲಿಕ್ಕೆ. ಸಾಮಾನಿನ ಲಿಫ್ಟಿನಲ್ಲಿ ತಂದಿಟ್ಟರು. ಆಮೇಲೆ ಹೊರಗೆ ನಿಲ್ಲಿ ಎಂದರು. ಒಳಗೆ ಕುರ್ಚಿಗಳ ಮೇಲೆ ಸಾಹೇಬರು, ಮೇಡಂಗಳು. ಗೋಡೆಯ ಮೇಲೆ ಆಳೆತ್ತರದ ಬ್ಯಾನರ್. ಅದರ ಮೇಲೆ ಪೆಟ್ಟಿಗೆ ಹೊತ್ತು ಹೋಗುವವನೊಬ್ಬನ ಬೆನ್ನಿನ ಚಿತ್ರ. ಅದು ಮಹೇಶನ ಬೆನ್ನೇ. ಯಾರೋ ಯಾವತ್ತೋ ತೆಗೆದುಕೊಂಡಿದ್ದರು. ಜೊತೆಯ ಕಿಟ್ಟಿ ಅವನ ಪಕ್ಕೆ ತಿವಿದ.

"ಒಳಗ ನೀ ಅದೀ. ಹೊರಗ ನಿಂತಾಂವ ಯಾಂವಲೇ?"

ಆಗ ಒಳಗೆ ಒಬ್ಬ ಮೇಡಂ ಐಸ್‌ಪ್ಯಾಕ್ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಗಾಜಿನ ಈಚೆ ಏನೂ ಕೇಳಲಿಲ್ಲ. ಬರ್ಫಕ್ಕೆ ಫೋನ್ ಹಚ್ಚ್ಯಾಳ ಎಂದ ಮಹೇಶ. ಹನ್ನೆರಡು ಮಂದಿ ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನ ಹಾಳೆಯ ಮೇಲೆ ಸಹಿ ತೆಗೆದುಕೊಂಡು ಒಂದೊಂದು ಊಟದ ಪೊಟ್ಟಣ ಕೊಟ್ಟರು. ಮೆಟ್ಟಿಲ ಮೇಲೆ ಕುಳಿತು ತಿಂದರು. ಪಲಾವು ಚೆನ್ನಾಗಿತ್ತು.

ಇದೆಲ್ಲ ಒಂದು ಉಸಿರಿನಲ್ಲಿ ಅವನ ತಲೆಯೊಳಗೆ ಹಾದುಹೋಯಿತು. ಅಷ್ಟರಲ್ಲಿ ಹರ್ಷದಾ ಪೆಟ್ಟಿಗೆ ಮುಚ್ಚಿದ್ದಳು. ಸಾಲಿನಲ್ಲಿ ನಿಂತ ಹೆಂಗಸರತ್ತ ಕೈ ಮಾಡಿ ಅವನಿಗೆ ಹೇಳಿದಳು. ಇವತ್ತಿನ ಮದ್ದು ಕೆಟ್ಟಿದೆ, ಹಿಂದಿನ ಐದು ಸಲದ್ದೂ ಕೆಟ್ಟಿರಬೇಕು, ಆ ಮಕ್ಕಳಿಗೆಲ್ಲ ಮತ್ತೆ ಹಾಕಬೇಕು, ನಿಮ್ಮ ಭಾಷೆಯಲ್ಲಿ ಹೇಳು ಎಂದಳು.

ಮಹೇಶ ಹೆಂಗಸರ ಕಡೆ ತಿರುಗಿದ. ಎದುರಿಗೇ ಅನುಸೂಯಾ. ಸೊಂಟದ ಮೇಲೆ ಚಿನ್ನು. ಈ ಎರಡು ತಿಂಗಳಲ್ಲಿ ಆ ಕೂಸಿಗೆ ಎರಡು ಸಲ ಸೂಜಿ ಬಿದ್ದಿತ್ತು. ಎರಡು ಸಲವೂ ಮೈ ಸುಟ್ಟಿತ್ತು. ತೊಡೆಯ ಮೇಲೆ ನೆಲ್ಲಿಕಾಯಿಯಷ್ಟು ಗಂಟು ಇನ್ನೂ ಇತ್ತು.

"ಇವತ್ತ ಮದ್ದು ಕಡಿಮಿ ಬಿದ್ದದ," ಎಂದ. "ಮುಂದಿನ ಸಲ ಬರ್ರಿ."

ಹೆಂಗಸರು ಗೊಣಗುತ್ತ ಚದುರಿದರು. ಹರ್ಷದಾ ತಲೆಯಾಡಿಸಿದಳು. ಹೇಳಿದ್ದಾನೆ ಎಂದುಕೊಂಡಳು ಪಾಪ.

ಮರುದಿನ ಅವನನ್ನು ಆಫೀಸಿಗೆ ಕರೆದರು. ದವಾಖಾನೆಯದಲ್ಲ, ಲಸಿಕೆ ಸಾಗಿಸುವ ಯೋಜನೆ ನೋಡಿಕೊಳ್ಳುವ ಸಂಸ್ಥೆಯ ಆಫೀಸು. ಮದ್ದು ಕೆಟ್ಟ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಅಲ್ಲಿ ಅಮೋಘ ಎಂಬವನಿದ್ದ. ಬೆಂಗಳೂರಿನವನು, ಮಹೇಶನಿಗಿಂತ ಮೂರ್ನಾಲ್ಕು ವರ್ಷ ದೊಡ್ಡವನಿರಬೇಕು. ಕುರ್ಚಿ ಎಳೆದು ಕೂರಿಸಿದ. ನೀರು ತಾನೇ ತಂದುಕೊಟ್ಟ. ಕನ್ನಡದಲ್ಲೇ ಮಾತಾಡಿದ. ಪುಣೆಯ ಆಫೀಸಿನೊಳಗೆ ಕನ್ನಡ ಕೇಳಿ ಮಹೇಶನ ಕಣ್ಣು ತುಂಬಿತು. ಅದಕ್ಕೂ ಆಮೇಲೆ ನಾಚಿಕೆಪಟ್ಟ.

ಅಮೋಘ ಕಂಪ್ಯೂಟರ್ ಅವನತ್ತ ತಿರುಗಿಸಿದ. ಯಾವ ಪೆಟ್ಟಿಗೆ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಮುಟ್ಟಿತು, ಎಲ್ಲ ಅದರಲ್ಲಿತ್ತು. ಪತ್ರಾಶೆಡ್ಡಿನ ಮುಂದೆ ಹಸಿರು ಬಣ್ಣ. ಐದು ಸಲವೂ ಹಸಿರು.

"ನೋಡು ಮಹೇಶ್, ಟೆನ್ಶನ್ ಮಾಡ್ಕೋಬೇಡ. ನಿನ್ನನ್ನ ಯಾರೂ ಬ್ಲೇಮ್ ಮಾಡ್ತಿಲ್ಲ," ಎಂದ. "ಆದ್ರೆ ಈಗ ಹೋಗಿ ಮದ್ದು ಕೆಟ್ಟಿತ್ತು ಅಂದ್ರೆ ಪ್ಯಾನಿಕ್ ಆಗತ್ತೆ. ಆಮೇಲೆ ಒಬ್ಬ ತಾಯಿನೂ ಮಕ್ಕಳನ್ನ ತರಲ್ಲ. ಒಂದೂವರೆ ವರ್ಷಕ್ಕೆ ಹೇಗೂ ಬೂಸ್ಟರ್ ಇದೆಯಲ್ಲ. ಕವರ್ ಆಗ್ಬಿಡತ್ತೆ."

ಅಲ್ಲಿವರೆಗೆ ಆ ಕೂಸುಗಳಿಗೆ ಉಸಿರು ಕಟ್ಟಿಸುವ ಗಂಟಲುಮಾರಿ ಬಂದರೆ ಏನು ಗತಿ ಎಂದು ಮಹೇಶ ಕೇಳಬೇಕೆಂದಿದ್ದ. ಕೇಳುವ ಮೊದಲೇ ಅಮೋಘ ಒಂದು ಹಾಳೆ ಮುಂದಿಟ್ಟ.

"ಟ್ರೈನಿಂಗ್ ಅಟೆಂಡೆನ್ಸ್. ಇಲ್ಲಿ ನಿನ್ನ ಸೈನ್ ಇದೆ. ಎನ್‌ಕ್ವೈರಿ ಆದ್ರೆ ಇದೇ ಹೊರಗೆ ಬರೋದು. ಕಲಿಸಿದ್ವಿ, ಆದ್ರೂ ಹೀಗೆ ಮಾಡ್ದ ಅಂತ."

ಮಹೇಶ ಹಾಳೆ ನೋಡಿದ. ಇಂಗ್ಲಿಷಿನ ಸಾಲುಗಳ ಕೆಳಗೆ ಅವನ ಸಹಿ, ಕಿಟ್ಟಿಯ ಸಹಿ, ಹನ್ನೆರಡೂ ಸಹಿ. ಕಿಟ್ಟಿಯ ಸಹಿಯ ಮೇಲೆ ಎಣ್ಣೆಯ ಕಲೆ ಇತ್ತು.

"ಇದು ಊಟದ ಪೊಟ್ಟಣದ್ದರಿ," ಎಂದ.

ಅಮೋಘ ಮೊಬೈಲ್ ನೋಡತೊಡಗಿದ. ಮುಂದಿನ ವಾರ ದೊಡ್ಡವರು ನೋಡಲು ಬರುತ್ತಾರೆ, ಅಲ್ಲಿಯವರೆಗೆ ಸುಮ್ಮನಿರು, ಆಮೇಲೆ ನಿನಗೆ ಸರಿಯಾದ ತರಬೇತಿ ಕೊಡಿಸುತ್ತೇನೆ ಎಂದ. ಮಹೇಶ ಎದ್ದ. ಹಾಳೆ ಹರಿಯಲಿಲ್ಲ. ಮೇಜು ಗುದ್ದಲಿಲ್ಲ. ಥ್ಯಾಂಕ್ಸ್ ಸರ್ ಎಂದು ಹೇಳಿ ಬಂದ. ಹೌದು, ಥ್ಯಾಂಕ್ಸ್ ಎಂದ.

ನಾಲ್ಕು ದಿನ ಅವನು ಶೆಡ್ಡಿನಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಅನುಸೂಯಾ ರೊಟ್ಟಿ ಬಡಿದು ಹಾಕಿದರೆ ಅರ್ಧ ತಿಂದು ಎದ್ದುಹೋಗುತ್ತಿದ್ದ. ಅವಳು ಚಿನ್ನುವಿನ ತೊಡೆಯ ಗಂಟಿಗೆ ಬಿಸಿ ಬಟ್ಟೆ ಒತ್ತುತ್ತ, ಮುಂದಿನ ಸೂಜಿ ಯಾವಾಗ ಎಂದು ಕೇಳುತ್ತಿದ್ದಳು. ಪಕ್ಕದ ಶೆಡ್ಡಿನ ಬಾಣಂತಿಗೆ ತಗಡಿನ ಗೋಡೆಯ ಆಚೆಯಿಂದಲೇ ಹೇಳುತ್ತಿದ್ದಳು, ಹೆದರಬ್ಯಾಡ, ನಮ್ಮ ತಮ್ಮ ತರತಾನ ಎಂದು. ಒಂದು ಕೂಸು ಕೆಮ್ಮಿದರೆ ಅವನ ಜೀವ ಹಾರುತ್ತಿತ್ತು. ಯಾವ ಶೆಡ್ಡು, ಯಾರ ಕೂಸು, ಎಷ್ಟನೇ ಸಲ ಎಂದು ಎಣಿಸುತ್ತಿದ್ದ. ಬರ್ಫ ಕಿತ್ತ ಅಂಗೈಯ ಗಾಯ ಒಣಗಿ ಹಕ್ಕಳೆ ಕಟ್ಟಿತ್ತು. ಅದನ್ನು ಮತ್ತೆ ಮತ್ತೆ ಕಿತ್ತ.

ಶುಕ್ರವಾರ ದವಾಖಾನೆಯಲ್ಲಿ ಹರ್ಷದಾ ಅವನನ್ನು ತಡೆದಳು. ಮೂವತ್ತನಾಲ್ಕು ಮಕ್ಕಳ ಪಟ್ಟಿ ಅವಳ ಕೈಯಲ್ಲಿತ್ತು. ದೊಡ್ಡ ಡಾಕ್ಟರಿಗೆ ಬರೆದುಕೊಟ್ಟಿದ್ದಳು, ಉತ್ತರ ಬಂದಿರಲಿಲ್ಲ. ಮತ್ತೆ ಸೂಜಿ ಹಾಕಿಸಲು ಒಬ್ಬ ತಾಯಿಯೂ ದವಾಖಾನೆಗೆ ಏಕೆ ಬರಲಿಲ್ಲ, ಅವತ್ತು ಅವರಿಗೆ ಏನು ಹೇಳಿದೆ ಎಂದು ಕೇಳಿದಳು.

ಅವನು ನೆಲ ನೋಡುತ್ತ ನಿಜ ಹೇಳಿದ.

ಹರ್ಷದಾ ಪಟ್ಟಿಯನ್ನು ಮಡಚಿ ಜೇಬಿಗಿಟ್ಟಳು. ಸೂಜಿ ಹಾಕುವುದು ನನ್ನ ಕೈಯಲ್ಲಿದೆ, ಕರೆಯುವುದು ನಿನ್ನ ಬಾಯಲ್ಲಿದೆ ಎಂದಳು. ಭಾನುವಾರ ಬೆಳಿಗ್ಗೆ ನಾನು ಬರುತ್ತೇನೆ, ನನಗೂ ನೋಟಿಸ್ ಬರಬಹುದು, ಬರಲಿ ಎಂದಳು.

ಭಾನುವಾರ ಮಹೇಶ ಫ್ರೀಜರಿನಿಂದ ಐಸ್‌ಪ್ಯಾಕ್ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಎದುರಿಗೆ ಕುಳಿತ. ಮೊದಲು ಬಿಳಿ ಹಿಮ ಹೋಯಿತು. ಆಮೇಲೆ ಮೈ ಬೆವರಿತು. ಅವನು ಎತ್ತಿ ಕಿವಿಗೆ ಹಿಡಿದ. ಒಳಗೆ ಸಣ್ಣಗೆ ನೀರು ಆಡಿತು. ಇಷ್ಟು ಕಲಿಸಲು ಎಷ್ಟು ಹೊತ್ತು ಬೇಕಿತ್ತು? ಅರ್ಧ ತಾಸು. ಒಂದು ಬಾಗಿಲು ತೆರೆದಿದ್ದರೆ ಆಗುತ್ತಿತ್ತು. ಒಳಗೆ ಕುಳಿತು ಅದನ್ನು ಕಲಿತವರಲ್ಲಿ ಯಾವನೂ ಜನ್ಮದಲ್ಲಿ ಪೆಟ್ಟಿಗೆ ಹೊತ್ತವನಲ್ಲ. ಪೆಟ್ಟಿಗೆ ಹೊತ್ತವರನ್ನು ಬಾಗಿಲ ಹೊರಗೆ ನಿಲ್ಲಿಸಿ ಅವರ ಬೆನ್ನಿನ ಚಿತ್ರ ಗೋಡೆಗೆ ಹಾಕಿದ್ದರು. ಮುಖ ಬೇಕಾಗಿರಲಿಲ್ಲ. ಕಿವಿ ಬೇಕಾಗಿರಲಿಲ್ಲ.

ನಾಲ್ಕು ಬೆವರಿದ ಐಸ್‌ಪ್ಯಾಕ್ ಪೆಟ್ಟಿಗೆಗೆ ಇಳಿಸಿದ, ಸ್ಪಂಜು ಅದರ ಜಾಗದಲ್ಲಿಟ್ಟ. ಕಲ್ಲಿನಂಥದ್ದು ಒಂದನ್ನು ಬೇರೆ ಚೀಲದಲ್ಲಿ ಹಾಕಿಕೊಂಡ.

ಶೆಡ್ಡಿನ ನಲ್ಲಿಯ ಹತ್ತಿರ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವನು ಪೆಟ್ಟಿಗೆ ಇಳಿಸಿದ. ಹರ್ಷದಾ ಹಿಂದೆ ನಿಂತಳು. ಮಾತು ಬರುತ್ತದೋ ಇಲ್ಲವೋ ಎಂದು ಹೆದರಿದ್ದ. ಬಂತು. ಒಂದೇ ಏಟಿಗೆ ಬಂತು.

"ನಾ ತಂದ ಮದ್ದು ಸತ್ತಿತ್ತು," ಎಂದ. "ಐದೂ ಸಲ. ನಾನೇ ಕೊಂದೀನಿ. ಹ್ವಾದ ಸಲ ಮದ್ದು ಕಡಿಮಿ ಬಿದ್ದದ ಅಂದದ್ದೂ ಸುಳ್ಳ."

ಬಟ್ಟೆಯ ಸಪ್ಪಳ ನಿಂತಿತು. ನಲ್ಲಿಯೊಂದೇ ಸುರಿಯುತ್ತಿತ್ತು. ಅವನು ಎಲ್ಲ ಹೇಳಿದ. ಗಟ್ಟಿ ಬರ್ಫ, ಐದನೇ ಐಸ್‌ಪ್ಯಾಕ್, ಬೆಳ್ಳಗಿನ ಗುರುತು. ಗಾಜಿನ ಬಾಗಿಲು ಹೇಳಿದ. ಊಟದ ಸಹಿ ಹೇಳಿದ. ಆಫೀಸಿನಲ್ಲಿ ಸುಮ್ಮನಿರು ಎಂದದ್ದು, ತಾನು ಸುಮ್ಮನಿದ್ದದ್ದು ಹೇಳಿದ. ಒಬ್ಬ ತಾಯಿ ಒದ್ದೆ ಲಂಗವನ್ನು ಹಾಗೇ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಕೂಸಿಗೆ ಮೂರು ಸಲ ಬಿದ್ದಿತ್ತು. ಅವಳು ಆ ಲಂಗವನ್ನು ಅವನ ಮುಖಕ್ಕೆ ಬೀಸಿ ಹೊಡೆದಳು. ಅವನು ಒರೆಸಿಕೊಳ್ಳಲಿಲ್ಲ.

ಅನುಸೂಯಾ ಹತ್ತಿರ ಬಂದಳು.

"ನೀ ಒಳಗ ಎದಕ ಹೋಗಲಿಲ್ಲ?"

"ಬಿಡಲಿಲ್ಲಕ್ಕ."

"ಒಳಗ ಬಿಡ್ರಿ ಅಂತ ಕೇಳಿದೇನು?"

ಮಹೇಶನಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ಇಲ್ಲ. ನಗಕೋತ ನಿಂತಿದ್ದೆ."

ಅನುಸೂಯಾ ಮುಖ ತಿರುಗಿಸಿದಳು. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ.

ಚಂದಮ್ಮ ಬಂಡೆಯ ಮೇಲಿಂದ ಎದ್ದಳು. ನಲವತ್ತು ವರ್ಷ ತಲೆಯ ಮೇಲೆ ಕಲ್ಲು ಮಣ್ಣು ಹೊತ್ತು ಅವಳ ಕುತ್ತಿಗೆ ಒಂದು ಪಕ್ಕಕ್ಕೆ ವಾಲಿತ್ತು. ಎರಡೂ ಥರದ ಬರ್ಫ ಇಲ್ಲಿ ಕೊಡು ಎಂದಳು. ಮೊದಲು ಚೀಲದ ಕಲ್ಲು ಬರ್ಫ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಏನೂ ಇಲ್ಲ. ಆಮೇಲೆ ಪೆಟ್ಟಿಗೆಯದನ್ನು ಹಿಡಿದಳು. ಅವಳ ಮುಖ ಬದಲಾಯಿತು.

"ಇದರಾಗ ನೀರ ಮಾತಾಡ್ತದ," ಎಂದಳು. ಎರಡನ್ನೂ ಪಕ್ಕದವಳ ಕೈಗೆ ಕೊಟ್ಟಳು.

ಕೈಯಿಂದ ಕೈಗೆ ಹೋದವು. ಒಬ್ಬೊಬ್ಬಳೂ ಒದ್ದೆ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿ ಕೇಳಿದಳು. ಯಾರೂ ನಗಲಿಲ್ಲ. ಹೋಟೆಲಿನ ಎಸಿ ಕೋಣೆಯೊಳಗೆ ನಡೆದದ್ದು ಈಗ ನಲ್ಲಿಯ ಕೆಸರಿನಲ್ಲಿ ನಡೆಯಿತು. ಇನ್ನು ಮುಂದೆ ನಾವು ಕೇಳಿದ ಮೇಲೇ ಪೆಟ್ಟಿಗೆ ತೆಗೆಯಬೇಕು ಎಂದು ಚಂದಮ್ಮ ಹರ್ಷದಾಗೆ ಹೇಳಿದಳು. ಮಹೇಶ ಮರಾಠಿಯಲ್ಲಿ ಹೇಳಿದ. ಈ ಸಲ ಇದ್ದದ್ದನ್ನು ಇದ್ದ ಹಾಗೇ ಹೇಳಿದ.

"ಮತ್ತ ಸೂಜಿ ಕಾರ್ಡಿನಾಗ ಸತ್ತ ಮದ್ದು ಹಾಕೀವಿ ಅಂತ ಬರೀಬೇಕು," ಎಂದಳು ಚಂದಮ್ಮ. "ಅವರ ಕಂಪ್ಯೂಟರಿನಾಗ ಹಸರ ಇರಲಿ. ನಮ್ಮ ಕೂಸಿನ ಕಾರ್ಡಿನಾಗ ಖರೇ ಇರಬೇಕು."

ಮಹೇಶ ಅದನ್ನೂ ಮರಾಠಿಯಲ್ಲಿ ಹೇಳಿದ. ಹರ್ಷದಾ ಕೆಂಪು ಪೆನ್ನು ತೆಗೆದಳು. ಹೆಂಗಸರು ಒಳಗೆ ಹೋಗಿ ಟ್ರಂಕಿನಿಂದ, ದೇವರ ಪಟದ ಹಿಂದಿನಿಂದ ಕಾರ್ಡು ತಂದರು. ಅವಳು ಹಳೆಯ ತಾರೀಖಿನ ಮೇಲೆ ಗೀಟು ಎಳೆದು ಕೆಳಗೆ ತನ್ನ ಸಹಿ ಹಾಕಿದಳು. ಪಕ್ಕದಲ್ಲಿ ಕನ್ನಡದಲ್ಲಿ ಬರೆ ಎಂದು ಚಂದಮ್ಮ ಕಾರ್ಡುಗಳನ್ನು ಮಹೇಶನ ಮುಂದೆ ತಳ್ಳಿದಳು. ನಿನ್ನ ಕೈಯಿಂದಲೇ ಬರೆ ಎಂದಳು.

ಬಿಟ್ಟ ಶಾಲೆಯ ಅಕ್ಷರ. ಡೊಂಕು ಡೊಂಕು. ಈ ಮದ್ದು ಸತ್ತಿತ್ತು. ತಂದವನು ಮಹೇಶಕುಮಾರ. ಒಂದು ಕಾರ್ಡಿಗೆ ಬರೆದ. ಎರಡನೆಯದಕ್ಕೆ ಬರೆದ. ಹತ್ತನೆಯದಕ್ಕೆ ಅಕ್ಷರ ನೆಟ್ಟಗಾಯಿತು, ಅಂಗೈಯ ಉರಿ ನಿಲ್ಲಲಿಲ್ಲ. ಕೆಲವರು ಕಾರ್ಡು ಕಸಿದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಇನ್ನು ಸೂಜಿಯೇ ಬೇಡ ಎಂದರು. ಅವರ ಬಾಗಿಲಿಗೆ ನಾಳೆ ಹೋಗಬೇಕು. ನಾಡಿದ್ದು ಹೋಗಬೇಕು. ಅವರು ಉಗಿದರೂ ಹೋಗಬೇಕು.

ಜೇಬಿನಲ್ಲಿ ಫೋನ್ ಕಂಪಿಸಿತು. ಅಮೋಘನ ಹೆಸರು. ಮಹೇಶ ಅದನ್ನು ಬೋರಲು ಹಾಕಿ ಕಲ್ಲಿನ ಮೇಲಿಟ್ಟು ಮುಂದಿನ ಕಾರ್ಡು ಎಳೆದುಕೊಂಡ. ಅದು ಚಿನ್ನುವಿನದು. ಎರಡು ತಾರೀಖು, ಎರಡು ಕೆಂಪು ಗೀಟು. ಎರಡು ಸಲ ಹೆಸರು ಬರೆದ.

ತಲೆ ಎತ್ತಿದರೆ ಅನುಸೂಯಾ ನಿಂತಿದ್ದಳು. ಹರ್ಷದಾ ಸೂಜಿ ಸಿದ್ಧ ಮಾಡಿಕೊಂಡಿದ್ದಳು. ಅನುಸೂಯಾ ಅವನ ಮುಖ ನೋಡದೆ ಕೂಸನ್ನು ಅವನ ತೊಡೆಯ ಮೇಲೆ ಕೂರಿಸಿದಳು.

"ಹಿಡಿ," ಎಂದಳು. "ಅಳತಾಳ. ಕಿವಿ ಕೊಟ್ಟು ಕೇಳು."

ಗಂಟಿಲ್ಲದ ತೊಡೆಯನ್ನು ಅವನು ಎರಡೂ ಕೈಯಲ್ಲಿ ಹಿಡಿದ. ಚಿನ್ನು ಅವನ ಮುಖ ನೋಡಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಆಮೇಲೆ ಸೂಜಿ ಇಳಿಯಿತು.